ತಕ್ಕಡಿಗೆ 90, ಅಯಸ್ಕಾಂತಕ್ಕೆ 35

ಕಪ್ಪು ಫೋಮಿನಲ್ಲಿ ನಾಲ್ಕು ಗುಳಿ. ಒಂದರಲ್ಲಿ ಅಂಗೈಯಗಲದ ಡಿಜಿಟಲ್ ತಕ್ಕಡಿ, ಒಂದರಲ್ಲಿ ಅಗಲ, ದಪ್ಪ ಅಳೆಯುವ ಪ್ಲಾಸ್ಟಿಕ್ ಕ್ಯಾಲಿಪರ್, ಒಂದರಲ್ಲಿ ಅಂಗಿ ಗುಂಡಿಗಿಂತ ತುಸು ದೊಡ್ಡ ಅಯಸ್ಕಾಂತ, ಕೊನೆಯದರಲ್ಲಿ ಮಡಚುವ ಭೂತಗನ್ನಡಿ. ಹಳೆಯ ಬೆಳ್ಳಿ ನಾಣ್ಯ ಕೊಳ್ಳುವ ಹುಚ್ಚು ಹತ್ತಿದವರಿಗೆಂದೇ ಮಾರುವ, ಅಸಲಿಯೋ ನಕಲಿಯೋ ನೋಡುವ ಪೆಟ್ಟಿಗೆ ಇದು. ನಾನು ತರಿಸಿಕೊಂಡದ್ದು ಎರಡು ಸಲ ಟೋಪಿ ಹಾಕಿಸಿಕೊಂಡ ಮೇಲೆ. ಒಂದೂವರೆ ವರ್ಷದಿಂದ ಬಳಸುತ್ತಿದ್ದೇನೆ. ತಯಾರಕರ ಹೆಸರು ಬೇಡ, ಇದೇ ಸಾಮಾನು ಹತ್ತು ಹೆಸರಿನಲ್ಲಿ ಸಿಗುತ್ತದೆ, ಗುಣವೂ ದೋಷವೂ ಹೆಚ್ಚುಕಡಿಮೆ ಒಂದೇ. ಒಳ್ಳೆಯ ಸ್ಥಿತಿಯ ಒಂದು ಬೆಳ್ಳಿ ಡಾಲರಿಗೆ ಕೊಡುವುದಕ್ಕಿಂತ ಕಡಿಮೆಗೆ ಬಂತು ಅಂದರೆ ಸಾಕು.

ಮೊದಲು ತಕ್ಕಡಿ. 0.01 ಗ್ರಾಂವರೆಗೆ ತೋರಿಸುತ್ತದೆ, ಇದಕ್ಕಿಂತ ಒರಟಾದದ್ದು ನಾಣ್ಯದ ಕೆಲಸಕ್ಕೆ ಬರುವುದಿಲ್ಲ. ಬಂದ ದಿನವೇ ನನ್ನ ಹತ್ತಿರವಿದ್ದ ಅಮೆರಿಕದ ಟ್ರೇಡ್ ಡಾಲರನ್ನು ಇಟ್ಟೆ. 1873ರಿಂದ ಟಂಕಿಸಿದ ಆ ನಾಣ್ಯ ಸರಿಯಾಗಿ 27.22 ಗ್ರಾಂ ಇರಬೇಕು, ಅದನ್ನು ನಾಣ್ಯದ ಮೇಲೆಯೇ 420 ಗ್ರೇನ್ (ತೂಕದ ಹಳೆಯ ಅಳತೆ) ಎಂದು ಬರೆದೂ ಇದ್ದಾರೆ. ತಕ್ಕಡಿ ತೋರಿಸಿದ್ದು 23.48. ಸವೆತ ಇರಬಹುದೇನೋ ಎಂದು ಒಂದು ಕ್ಷಣ ಸಮಾಧಾನ ಹೇಳಿಕೊಂಡೆ. ಮೂರೂಮುಕ್ಕಾಲು ಗ್ರಾಂ ಸವೆಯುವಷ್ಟು ಕೈ ಬದಲಿಸಿದ ನಾಣ್ಯದಲ್ಲಿ ಕುಳಿತ ಹೆಂಗಸಿನ ಮುಖ ಅಷ್ಟು ಚೂಪಾಗಿ ಉಳಿದೀತೆ? ತಾನು ಮಾರಿದ್ದು ಅಪ್ಪಟ ಎಂದು ಆಣೆ ಹಾಕಿದ್ದ ಮನುಷ್ಯ ಆಮೇಲೆ ಫೋನ್ ಎತ್ತಲೇ ಇಲ್ಲ.

ತೂಕ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆ ಎಂದುಕೊಂಡಿದ್ದರೆ ಎರಡನೆಯ ನಾಣ್ಯದ ಕಥೆ ಕೇಳಿ. ಅದು ಮಾರ್ಗನ್ ಡಾಲರ್. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಬಂದದ್ದು, 100ಕ್ಕೆ 90 ಪಾಲು ಬೆಳ್ಳಿ, 10 ಪಾಲು ತಾಮ್ರ, ತೂಕ 26.73 ಗ್ರಾಂ. ಅಂದಿನ ಟಂಕಸಾಲೆಯೇ ಗ್ರಾಮಿನ ಹತ್ತನೇ ಒಂದು ಪಾಲಿನಷ್ಟು ಹೆಚ್ಚುಕಡಿಮೆಗೆ ಅವಕಾಶ ಇಟ್ಟುಕೊಂಡಿತ್ತು. ನನ್ನದು 26.70 ತೂಗಿತು. ಕ್ಯಾಲಿಪರಿನಲ್ಲಿ ಅಗಲ 38.1 ಮಿ.ಮೀ., ಕರಾರುವಾಕ್ಕು. ದಪ್ಪ ಮಾತ್ರ 2.4 ಇರಬೇಕಾದ ಕಡೆ 2.8 ಬಂತು. ಕ್ಯಾಲಿಪರ್ ಓರೆಯಾಯಿತೇನೋ ಎಂದು ಅಂಚಿನ ಸುತ್ತ ಆರು ಕಡೆ ಅಳೆದೆ, ಆರೂ ಕಡೆ 2.8. ಲೆಕ್ಕ ಸರಳ. ತಾಮ್ರ ಬೆಳ್ಳಿಗಿಂತ ಹಗುರ. ಅಗಲವನ್ನೂ ತೂಕವನ್ನೂ ಸರಿದೂಗಿಸಬೇಕೆಂದರೆ ಖೋಟಾ ಮಾಡುವವನು ನಾಣ್ಯವನ್ನು ದಪ್ಪ ಮಾಡಲೇಬೇಕು. ತೂಕ, ಅಗಲ, ದಪ್ಪ ಮೂರನ್ನೂ ಒಟ್ಟಿಗೆ ಹೊಂದಿಸುವುದು ಅಗ್ಗದ ಲೋಹದಲ್ಲಿ ಸುಲಭವಲ್ಲ. ಆದ್ದರಿಂದ ತೂಕ ನೋಡಿ ಕ್ಯಾಲಿಪರನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ. ಇದು ಪ್ಲಾಸ್ಟಿಕ್ಕಿನದು ಎಂದು ಮೂಗು ಮುರಿಯಲೂ ಬೇಡಿ. ಉಕ್ಕಿನ ಕ್ಯಾಲಿಪರ್ ಹಿಡಿದು ಒಳ್ಳೆಯ ನಾಣ್ಯದ ಅಂಚಿಗೆ ನಾನೇ ಒಂದು ಗೀರು ಎಳೆದದ್ದುಂಟು, ಆ ಗೀರು ಇವತ್ತಿಗೂ ನನ್ನನ್ನು ನೋಡಿ ನಗುತ್ತದೆ.

ಈ ಪೆಟ್ಟಿಗೆಯಲ್ಲಿ ಕೊಟ್ಟ ದುಡ್ಡು ವಸೂಲಾಗುವುದು ನೀರಿನ ಪರೀಕ್ಷೆಯಲ್ಲಿ. ವಿಚಿತ್ರವೆಂದರೆ ಜೊತೆಗೆ ಬರುವ ಕಾಗದದಲ್ಲಿ ಇದರ ಸುದ್ದಿಯೇ ಇಲ್ಲ. ತಕ್ಕಡಿಯ ಮೇಲೆ ಸಣ್ಣ ಪ್ಲಾಸ್ಟಿಕ್ ಲೋಟದಲ್ಲಿ ನೀರಿಟ್ಟು ಸೊನ್ನೆ ಮಾಡಿಕೊಳ್ಳಿ. ನಾಣ್ಯಕ್ಕೆ ತೆಳ್ಳನೆ ದಾರದ ಕುಣಿಕೆ ಹಾಕಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಕದಂತೆ ಇಳಿಬಿಡಿ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆ ಇದ್ದರೆ ದಾರ ಅಲುಗಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ ಕೈಗೆ ಬಂತು. ಅಪ್ಪಟ ಬೆಳ್ಳಿಗೆ 10.49, ಮಾರ್ಗನ್ ಡಾಲರಿನ ಮಿಶ್ರಣಕ್ಕೆ 10.3ರ ಆಸುಪಾಸು, ತಾಮ್ರಕ್ಕೆ 8.96. ನೀರಿಗಿಳಿದ ಅಸಲಿ ಮಾರ್ಗನ್ ತಕ್ಕಡಿಯಲ್ಲಿ 2.59 ಗ್ರಾಂ ತೋರಿಸಬೇಕು, ನನ್ನ ದಪ್ಪ ನಾಣ್ಯ 2.97 ತೋರಿಸಿತು. ಅಲ್ಲಿಗೆ ಭೂತಗನ್ನಡಿ ಹಿಡಿದು ಅಂಚಿನ ಹಲ್ಲುಗಳನ್ನು ನೋಡಿದರೆ ಬೆಳ್ಳಿಯ ಲೇಪ ಸವೆದ ಒಂದೆರಡು ಕಡೆ ಕೆಂಪಗೆ ತಾಮ್ರ ಇಣುಕುತ್ತಿತ್ತು. ಮೊದಲೇ ಅಲ್ಲಿ ನೋಡಬಹುದಿತ್ತು, ಬುದ್ಧಿ ಇರಲಿಲ್ಲ. ನೀರಿನಿಂದ ತೆಗೆದ ನಾಣ್ಯವನ್ನು ಉಜ್ಜಬಾರದು, ಮೆತ್ತನೆ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಬೇಕು. ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯಗಳನ್ನಂತೂ ನಾನು ನೀರಿಗೆ ಇಳಿಸುವುದೇ ಇಲ್ಲ.

ತಕ್ಕಡಿಗೆ ಪೂರ್ತಿ 100 ಅಂಕ ಕೊಡದಿರಲು ಎರಡು ಕಾರಣ. ಅರವತ್ತು ಸೆಕೆಂಡಿಗೆ ತಾನಾಗಿ ಆಫ್ ಆಗುತ್ತದೆ. ಉಸಿರು ಬಿಗಿಹಿಡಿದು ದಾರ ಇಳಿಬಿಟ್ಟು, ಗುಳ್ಳೆ ಬಿಡಿಸಿ, ಇನ್ನೇನು ಅಂಕಿ ನಿಂತಿತು ಎನ್ನುವಾಗ ಪರದೆ ಕಪ್ಪು. ಮೊದಮೊದಲು ನಾಲ್ಕೈದು ಸಲ ಹೀಗಾಯಿತು. ಎರಡನೆಯದು, ತಕ್ಕಡಿ ಸರಿಯಿದೆಯೇ ಎಂದು ನೋಡಲು ಬೇಕಾದ ತೂಕದ ಬಟ್ಟು ಪೆಟ್ಟಿಗೆಯಲ್ಲಿ ಇಲ್ಲ. ನಾಣ್ಯವನ್ನು ಅನುಮಾನಿಸಲೆಂದು ಕೊಂಡ ಯಂತ್ರವನ್ನೇ ನಂಬಿಕೆಯ ಮೇಲೆ ಬಳಸಬೇಕು.

ಅಯಸ್ಕಾಂತದ ಬಗ್ಗೆ ಪೆಟ್ಟಿಗೆಯ ಮುಚ್ಚಳದಲ್ಲಿ ಭಾರೀ ಜಂಬ: ನಕಲಿ ತಕ್ಷಣ ಪತ್ತೆಯಂತೆ. ನಾಣ್ಯ ಅಂಟಿಕೊಂಡರೆ ಅದು ಬೆಳ್ಳಿಯಲ್ಲ, ಅಲ್ಲಿಯವರೆಗೆ ನಿಜ. ಆದರೆ ಕಬ್ಬಿಣದ ನಕಲಿ ಮಾಡುವ ಪೆದ್ದರು ಈಗ ಎಷ್ಟಿದ್ದಾರು? ನಾಣ್ಯವನ್ನು ಓರೆಯಾಗಿ ಹಿಡಿದು ಮೇಲಿನಿಂದ ಅಯಸ್ಕಾಂತವನ್ನು ಜಾರಿಸುವ ಆಟ ಇನ್ನೊಂದು. ಬೆಳ್ಳಿಯ ಮೇಲೆ ಅದು ಜೇನಿನಲ್ಲಿ ಇಳಿದಂತೆ ನಿಧಾನವಾಗಿ ಜಾರುತ್ತದೆ, ಲೋಹದೊಳಗೆ ಹುಟ್ಟುವ ಸುಳಿವಿದ್ಯುತ್ತು ಅದನ್ನು ತಡೆಯುತ್ತದೆ. ನೋಡಲು ಚೆಂದ. ಸೀಸದ ಮಿಶ್ರಣದ ಮೇಲೆ ಸರ್ರನೆ ಜಾರಿಬಿಡುವುದರಿಂದ ಅಂಥ ನಕಲಿ ಸಿಕ್ಕಿಬೀಳುತ್ತದೆ. ಆದರೆ ತಾಮ್ರವೂ ವಿದ್ಯುತ್ತನ್ನು ಹೆಚ್ಚುಕಡಿಮೆ ಬೆಳ್ಳಿಯಷ್ಟೇ ಚೆನ್ನಾಗಿ ಹರಿಸುವ ಲೋಹ. ನನ್ನ ತಾಮ್ರದ ಮಾರ್ಗನ್ ಮೇಲೆಯೂ ಅಯಸ್ಕಾಂತ ಅಷ್ಟೇ ನಿಧಾನವಾಗಿ, ಅಷ್ಟೇ ಗಾಂಭೀರ್ಯದಿಂದ ಇಳಿಯಿತು. ನಾಣ್ಯದ ಮೇಲೆ ಮಂಜುಗಡ್ಡೆ ಇಟ್ಟು ಬೇಗ ಕರಗಿದರೆ ಬೆಳ್ಳಿ ಎನ್ನುವ ಪರೀಕ್ಷೆಗೂ ಇದೇ ಗತಿ, ಶಾಖ ಹರಿಸುವುದರಲ್ಲಿ ತಾಮ್ರ ಬೆಳ್ಳಿಯ ಬೆನ್ನಿಗೇ ಇದೆ. 35 ಅಂಕ, ಪಾಸು. ಅಂದಹಾಗೆ ಈ ಅಯಸ್ಕಾಂತವನ್ನು ತಕ್ಕಡಿಯ ಪಕ್ಕದ ಗುಳಿಯಲ್ಲೇ ಇಟ್ಟವರ ತಲೆಗೆ ಏನು ಹೇಳಬೇಕೋ. ಉಕ್ಕಿನ ತಟ್ಟೆಯನ್ನು ಅದು ಎಳೆದು ಅಂಕಿ ಕುಣಿಯುತ್ತದೆ. ನಾನು ಬೇರೆ ಡಬ್ಬಿಗೆ ಹಾಕಿದ್ದೇನೆ.

ಭೂತಗನ್ನಡಿಯ ಮೇಲೆ 30 ಪಟ್ಟು ಎಂದಿದೆ, 10 ಪಟ್ಟಿದ್ದರೆ ಹೆಚ್ಚು. ಇರಲಿ, 10 ಸಾಕು. ಎರಕ ಹೊಯ್ದ ನಕಲಿಯ ಮೈ ಸಾಬೂನಿನಂತೆ ನುಣ್ಣಗಿರುತ್ತದೆ, ಅಕ್ಷರಗಳ ಬುಡದಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಕೆಲವೊಮ್ಮೆ ಅಂಚಿನ ಸುತ್ತ ಎರಡು ಅಚ್ಚು ಸೇರಿದ ಗೆರೆ. ಇತ್ತೀಚಿನ ನಾಣ್ಯಗಳಲ್ಲಿ ಟಂಕಸಾಲೆಗಳೇ ಗುರುತು ಬಿಟ್ಟಿರುತ್ತವೆ. 2021ರಿಂದ ಬಂದ ಬ್ರಿಟನ್ನಿನ ಬ್ರಿಟಾನಿಯಾ ನಾಣ್ಯವನ್ನು ಓರೆ ಮಾಡಿದರೆ ಬೀಗದ ಚಿತ್ರ ಹೋಗಿ ತ್ರಿಶೂಲ ಕಾಣುತ್ತದೆ. ಅದೇ ವರ್ಷ ಹೊಸ ರೂಪ ಪಡೆದ ಅಮೆರಿಕದ ಸಿಲ್ವರ್ ಈಗಲ್‌ನ ಅಂಚಿನಲ್ಲಿ ಒಂದು ಹಲ್ಲನ್ನು ಬೇಕೆಂದೇ ಬಿಟ್ಟಿದ್ದಾರೆ. ಹಳೆಯ ನಾಣ್ಯಗಳಲ್ಲಿ ಇಂಥ ಸೌಕರ್ಯವಿಲ್ಲ. ಅಲ್ಲಿ ನಾನು ಹುಡುಕುವುದು ಜೋಡಿಗಳನ್ನು. ಬೇರೆ ಬೇರೆ ಇಸವಿಯ ಎರಡು ನಾಣ್ಯಗಳ ಕೆನ್ನೆಯ ಮೇಲೆ ಒಂದೇ ಜಾಗದಲ್ಲಿ ಒಂದೇ ಆಕಾರದ ಗೀರು ಕಂಡರೆ, ಎರಡರ ಅಚ್ಚನ್ನೂ ಒಂದೇ ಹಳೆಯ ನಾಣ್ಯದಿಂದ ತೆಗೆದಿದ್ದಾರೆ ಎಂದರ್ಥ. ಮಾರುವವನು ಹಾಕಿದ ಫೋಟೋಗಳಲ್ಲೇ ಇದನ್ನು ಹಿಡಿಯಬಹುದು, ಫೋಟೋ ಆ ನಾಣ್ಯದ್ದೇ ಆಗಿದ್ದರೆ.

ಈಗ ಪೆಟ್ಟಿಗೆ ಸೋತ ಕಥೆ. ಮೂರನೆಯ ಸಲ ತಂದದ್ದೂ ಮಾರ್ಗನ್ ಡಾಲರೇ. ಇಸವಿ 1887, ಹಿಂಬದಿಯಲ್ಲಿ ಸಿಸಿ ಎಂಬ ಪುಟ್ಟ ಅಕ್ಷರಗಳು, ಅಂದರೆ ಕಾರ್ಸನ್ ಸಿಟಿ ಟಂಕಸಾಲೆಯದು. ಸಿಸಿ ಗುರುತಿಗೆ ಸಂಗ್ರಾಹಕರು ಬೀಳುವ ಆಸೆ ಬಲ್ಲವರೇ ಬಲ್ಲರು. ತೂಕ 26.71, ದಪ್ಪ 2.4, ನೀರಿನಲ್ಲಿ 2.59. ಅಯಸ್ಕಾಂತವೂ ತಲೆಯಾಡಿಸಿತು. ನಾನು ಗೆದ್ದೆನೆಂದು ಕುಣಿಯುತ್ತಿದ್ದಾಗ ಮಗಳು ಪಕ್ಕದಲ್ಲಿ ಕೂತು ಫೋನಿನಲ್ಲಿ ಇಸವಿಗಳ ಪಟ್ಟಿ ತೆಗೆದಳು.

"ಅಪ್ಪಾ, ಆ ವರ್ಷ ಅಲ್ಲಿ ನಾಣ್ಯಾನೇ ಮಾಡಿಲ್ಲ ಕಣಪ್ಪಾ."

"ಸರಿಯಾಗಿ ನೋಡೇ."

"1885 ಆದ್ಮೇಲೆ 1889. ಮಧ್ಯ ಖಾಲಿ."

ಬೆಳ್ಳಿ ನಿಜ, ನಾಣ್ಯ ಸುಳ್ಳು. ಸರಿಯಾದ ಮಿಶ್ರಣದ ಬೆಳ್ಳಿಯಲ್ಲೇ ಅಚ್ಚು ಒತ್ತಿದ್ದರೋ, ಮಾಮೂಲಿ ಅಸಲಿ ಡಾಲರಿಗೆ ಆ ಎರಡು ಅಕ್ಷರ ಅಂಟಿಸಿದ್ದರೋ, ತಕ್ಕಡಿಗೆ ಎರಡೂ ಒಂದೇ. ಲೋಹದ ಬೆಲೆಗೆ ಮಾರುವ ನಾಣ್ಯಕ್ಕೆ ಈ ಪೆಟ್ಟಿಗೆ ಕಾವಲು ಕಾಯುತ್ತದೆ. ಅಪರೂಪದ ಇಸವಿಯೆಂದು ಹತ್ತಾರು ಪಟ್ಟು ಕೇಳುವ ನಾಣ್ಯದಲ್ಲಿ ನಾವು ದುಡ್ಡು ಕೊಡುವುದು ಅಂಕಿಗೆ, ಅಕ್ಷರಕ್ಕೆ. ಅಲ್ಲಿ ಇದು ಅರ್ಧ ಕುರುಡು. ಅಂಥದ್ದನ್ನು ನಾನೀಗ ಪಿಸಿಜಿಎಸ್ ಅಥವಾ ಎನ್‌ಜಿಸಿ ಎಂಬ ನಾಣ್ಯ ಪರೀಕ್ಷಿಸುವ ಸಂಸ್ಥೆಗಳು ನೋಡಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿದ್ದರೆ ಮಾತ್ರ ಕೊಳ್ಳುತ್ತೇನೆ. ಕವಚದ ಮೇಲಿನ ಸಂಖ್ಯೆಯನ್ನು ಅವರ ತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಕೈಯಲ್ಲಿರುವ ನಾಣ್ಯದ ಗೀರುಗಳ ಜೊತೆ ಒಂದೊಂದಾಗಿ ತಾಳೆ ನೋಡುತ್ತೇನೆ. ಕವಚಕ್ಕೂ ನಕಲಿ ಉಂಟು, ಅಸಲಿ ಸಂಖ್ಯೆಯನ್ನೇ ಕದ್ದು ಹಾಕಿರುತ್ತಾರೆ. ಕವಚದೊಳಗಿನ ನಾಣ್ಯವನ್ನು ತೂಗಲೂ ಆಗದು, ಮುಳುಗಿಸಲೂ ಆಗದು.

ಇನ್ನೊಂದು ಮಾತು ಪೆಟ್ಟಿಗೆಯದ್ದಲ್ಲ, ಆದರೆ ಅದಿಲ್ಲದೆ ಪೆಟ್ಟಿಗೆಗೆ ಅರ್ಥವಿಲ್ಲ. ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವವನಿಂದ ನಾಣ್ಯ ಕೊಂಡು ಮನೆಯಲ್ಲಿ ಪರೀಕ್ಷೆ ಮಾಡಿದರೆ ಸಿಗುವುದು ನಿಖರವಾಗಿ ಅಳೆದ ದುಃಖ. ಎಷ್ಟು ದಿನದೊಳಗೆ ವಾಪಸ್ ಮಾಡಬಹುದೆಂದು ಬರಹದಲ್ಲಿ ಪಡೆದುಕೊಂಡು, ತಕರಾರು ಎತ್ತಲು ಅವಕಾಶವಿರುವ ದಾರಿಯಲ್ಲೇ ದುಡ್ಡು ಕೊಟ್ಟು, ಪೊಟ್ಟಣ ಬಿಚ್ಚುವುದನ್ನು ವಿಡಿಯೋ ಮಾಡುತ್ತೇನೆ. ತಕ್ಕಡಿಯ ಅಂಕಿಯೂ ಅದೇ ವಿಡಿಯೋದಲ್ಲಿ ಬರಬೇಕು. ತಾಮ್ರದ ಮಾರ್ಗನ್ ಹಾಗೇ ವಾಪಸ್ ಹೋಗಿ ದುಡ್ಡು ಬಂತು. ಬೆಳ್ಳಿಯ ಸದ್ಯದ ಬೆಲೆಗಿಂತ ಕಡಿಮೆಗೆ ಯಾರಾದರೂ ಕರೆದು ಕೊಟ್ಟರೆ ತಕ್ಕಡಿ ಹೊರತೆಗೆಯುವ ಕೆಲಸವೂ ಇಲ್ಲ, ನಮಸ್ಕಾರ ಹೇಳಿ ಬರುವುದು.

ಕೊಳ್ಳಬಹುದೇ ಎಂದರೆ, ಮೊದಲ ನಾಣ್ಯಕ್ಕಿಂತ ಮುಂಚೆ ಕೊಳ್ಳಿ. ಸಿಸಿ ನಾಣ್ಯವನ್ನು ವಾಪಸ್ ಮಾಡುವ ಗಡುವು ಮಗಳು ಪಟ್ಟಿ ತೆಗೆಯುವ ಹೊತ್ತಿಗೆ ಮೀರಿತ್ತು. ಅದೀಗ ಅಯಸ್ಕಾಂತ ಖಾಲಿ ಮಾಡಿದ ಗುಳಿಯಲ್ಲಿದೆ. ತಕ್ಕಡಿಯ ಬ್ಯಾಟರಿ ಬದಲಿಸಿದಾಗಲೆಲ್ಲ ಮೊದಲು ಅದನ್ನೇ ಇಟ್ಟು ನೋಡುತ್ತೇನೆ, 26.71 ಬರಬೇಕು.