ಸಡಿಲ ಚರ್ಮಕ್ಕೆ ಕಂಪ್ರೆಶನ್ ಶಾರ್ಟ್ಸ್: ಕರಾವಳಿಯ ಸೆಕೆಯಲ್ಲಿ ಎರಡು ವರ್ಷ ತೊಟ್ಟ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕಂಪ್ರೆಶನ್ ಶಾರ್ಟ್ಸ್ ಎಂಬ, ಮೈಗೆ ಬಿಗಿಯಾಗಿ ಒತ್ತಿ ಕೂರುವ ಈ ಒಳಉಡುಪು ಜೋತುಬಿದ್ದ ಚರ್ಮವನ್ನು ಬಿಗಿ ಮಾಡುವುದಿಲ್ಲ. ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ, ಕಳಚಿದ ಕೂಡಲೇ ಹೊಟ್ಟೆ ಮತ್ತೆ ಇದ್ದಲ್ಲಿಗೇ ಇಳಿಯುತ್ತದೆ. ಆದರೂ ಎರಡು ವರ್ಷದಿಂದ ನಾನಿದನ್ನು ಬಿಟ್ಟಿಲ್ಲ, ಹಳೆಯದು ಸಡಿಲವಾದಾಗಲೆಲ್ಲ ಅದೇ ನಮೂನೆಯದನ್ನು ಮತ್ತೆ ಕೊಂಡಿದ್ದೇನೆ. ನನಗೆ ಬೇಕಿದ್ದದ್ದು ಇಷ್ಟೇ: ಶಾಲೆಯಲ್ಲಿ ಇಡೀ ದಿನ ನಿಂತು ಪಾಠ ಮಾಡುವಾಗ ಆ ಚರ್ಮ ಅಲ್ಲಾಡದೆ, ಒಂದಕ್ಕೊಂದು ಉಜ್ಜದೆ, ಬೆವರಿನಲ್ಲಿ ಬೇಯದೆ ಒಂದು ಕಡೆ ನಿಲ್ಲಬೇಕು. ಅಷ್ಟನ್ನು ಇದು ಮಾಡುತ್ತದೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆಯನ್ನು ಸೆಕೆ ಮತ್ತು ಶಾಲೆಯ ಟಾಯ್ಲೆಟ್ ತಿಂದುಹಾಕಿವೆ.

ನಾನು ಉಡುಪಿ ಕಡೆಯವಳು, ಹೈಸ್ಕೂಲ್ ಟೀಚರ್, ನಲವತ್ತೈದು ದಾಟಿದೆ, ಎರಡು ಹೆರಿಗೆಯಾಗಿದೆ. ಶುಗರ್ ಬಂದಿದೆ ಎಂದು ತಿಳಿದ ಮೇಲೆ ಊಟ ಬದಲಿಸಿ, ನಡೆದು, ಕೊನೆಗೆ ನಾಚಿಕೆ ಬಿಟ್ಟು ಜಿಮ್ಮಿಗೂ ಹೋಗಿ 98 ಕೆ.ಜಿ.ಯಿಂದ 67ಕ್ಕೆ ಇಳಿದೆ. ಶುಗರ್ ಹತೋಟಿಗೆ ಬಂತು, ಮೆಟ್ಟಿಲು ಹತ್ತುವಾಗಿನ ಮಂಡಿನೋವು ಹೋಯಿತು. ಚರ್ಮ ಮಾತ್ರ ಹಳೇ ಅಳತೆಯಲ್ಲೇ ಉಳಿಯಿತು. ಹೊಕ್ಕುಳಿನ ಕೆಳಗಿನದು ಮಡಿಕೆಯಾಗಿ ತೊಡೆಸಂದಿನ ಮೇಲೆ ಕೂತಿತು. ಒಳತೊಡೆ ಮತ್ತು ತೋಳಿನ ಕಥೆಯೂ ಅದೇ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ "ಎಂತ ಟೀಚರ್, ಇಷ್ಟು ಸಪೂರ ಆಗಿದ್ದೀರಿ, ಹುಷಾರುಂಟಲ್ಲ?" ಎಂದು ಕೇಳುತ್ತಾರೆ. ಸೀರೆಯೊಳಗಿನ ಕಥೆಯನ್ನು ಅವರಿಗೆ ಹೇಳುವುದು ಹೇಗೆ!

ಚರ್ಮದ ಡಾಕ್ಟರು ವಿವರಿಸಿದ ಮೇಲೆ ನನಗೆ ಒಂದು ಲೆಕ್ಕ ಸಿಕ್ಕಿತು. ಚರ್ಮದ ಒಳಪದರದಲ್ಲಿ ಕೊಲಾಜೆನ್, ಇಲಾಸ್ಟಿನ್ ಎಂಬ ಎಳೆಗಳಿರುತ್ತವೆ. ಎಳೆದರೆ ಮತ್ತೆ ಹಿಂದಕ್ಕೆ ಬರುವ ಗುಣ ಇಲಾಸ್ಟಿನ್‌ನದು. ಅದರ ಬಹುಪಾಲು ತಯಾರಾಗುವುದು ಎಳೆಯ ವಯಸ್ಸಿನಲ್ಲೇ. ವರ್ಷಗಟ್ಟಲೆ ಹಿಗ್ಗಿಕೊಂಡೇ ಇದ್ದರೆ ಆ ಎಳೆಗಳು ಹಾಳಾಗುತ್ತವೆ, ಆಮೇಲೆ ದೇಹ ಅವನ್ನು ಮೊದಲಿನಂತೆ ನೇಯುವುದಿಲ್ಲ. ಇಪ್ಪತ್ತೈದರ ಹುಡುಗಿ ಹತ್ತು ಕೆ.ಜಿ. ಇಳಿದರೆ ಚರ್ಮ ಬಹುಮಟ್ಟಿಗೆ ಹಿಂದೆ ಸರಿಯುತ್ತದೆ. ಇಪ್ಪತ್ತು ವರ್ಷ ತೋರ ಇದ್ದು, ಎರಡು ಬಸಿರು ದಾಟಿ, ಮೂವತ್ತು ಕೆ.ಜಿ. ಇಳಿದವಳಿಗೆ ಸರಿಯುವುದಿಲ್ಲ. ಬಿಸಿಲು, ಸಿಗರೇಟು, ಮನೆತನದಿಂದ ಬಂದ ಚರ್ಮದ ಗುಣ ಎಲ್ಲವೂ ಇದರಲ್ಲಿ ಸೇರುತ್ತವೆ. ಇದು ಗೊತ್ತಾದ ದಿನದಿಂದ 'ಫರ್ಮಿಂಗ್' ಕ್ರೀಮುಗಳಿಗೆ ದುಡ್ಡು ಹಾಕುವುದನ್ನು ನಿಲ್ಲಿಸಿದೆ. ಕ್ರೀಮು ಚರ್ಮದ ಒಣಗು ತೆಗೆದು ನುಣುಪು ಕೊಡುತ್ತದೆ, ಅಂಗೈಯಗಲ ಜೋತ ಚರ್ಮವನ್ನು ಎತ್ತುವುದಿಲ್ಲ. ಕೊಬ್ಬರಿ ಎಣ್ಣೆಯೂ ಅಷ್ಟೇ.

ಅಮ್ಮನ ಸಲಹೆ ಬೇರೆ ಇತ್ತು: "ಬಾಣಂತನದಲ್ಲಿ ಹಳೇ ಸೀರೆಯಲ್ಲಿ ಹೊಟ್ಟೆ ಕಟ್ಟಿದ ಹಾಗೆ ಬಿಗಿಯಾಗಿ ಕಟ್ಟು ಮಗಾ, ಎಲ್ಲ ಒಳಗೆ ಹೋಗ್ತದೆ." ಒಳಗೆ ಹೋಗುವುದು ಸುಳ್ಳಾದರೂ ಕಟ್ಟಿಕೊಂಡರೆ ಹಾಯೆನಿಸುತ್ತದೆ ಎಂಬುದು ಸುಳ್ಳಲ್ಲ. ಅಲ್ಲಿಂದಲೇ ನನ್ನ ಹುಡುಕಾಟ ಶುರುವಾದದ್ದು.

ಮೊದಲು ತಂದದ್ದು ಮೆಡಿಕಲ್ ಶಾಪಿನಲ್ಲಿ ಸಿಗುವ ಹೊಟ್ಟೆಯ ಬೆಲ್ಟ್, ಆಪರೇಶನ್ ಆದವರಿಗೆ ಹಾಕುವಂಥದ್ದು. ಐನೂರು ರೂಪಾಯಿ ಆಸುಪಾಸು, ವೆಲ್ಕ್ರೋ ಇರುತ್ತದೆ. ಮಲಗಿ, ಕೂತು ಇರುವವರಿಗೆ ಅದು ಸರಿ. ಬಗ್ಗಿ ಎದ್ದು ಬೋರ್ಡಿನಲ್ಲಿ ಬರೆಯುವವರಿಗೆ ಗಂಟೆಯೊಳಗೆ ಮೇಲಕ್ಕೆ ಸರಿದು ಪಕ್ಕೆಲುಬಿಗೆ ಒತ್ತುತ್ತದೆ, ಕೆಳಗಿನ ಮಡಿಕೆ ಬೆಲ್ಟಿನಡಿಯಿಂದ ಹೊರಗೆ ಇಣುಕುತ್ತದೆ. ವೆಲ್ಕ್ರೋ ತುದಿ ಸೀರೆಯ ಎಳೆ ಕೀಳುವುದು ಬೇರೆ.

ಆಮೇಲೆ ಸೀರೆ ಶೇಪ್‌ವೇರ್, ಅಂದರೆ ಲಾಡಿ ಲಂಗದ ಬದಲು ಉಡುವ, ಮೈಗೆ ಅಂಟುವ ಉದ್ದನೆಯ ಲಂಗ. ಇದರ ಬಗ್ಗೆ ನನಗೆ ಎರಡು ಮನಸ್ಸು. ಲಾಡಿ ಇಲ್ಲ ಎಂಬುದೇ ದೊಡ್ಡ ಉಪಕಾರ. ಸಡಿಲ ಚರ್ಮದ ಮೇಲೆ ಲಾಡಿ ಬಿಗಿದರೆ ಅದೇ ಜಾಗ ಉಜ್ಜಿ ಕಪ್ಪಾಗಿ ಹುಣ್ಣಾಗುತ್ತದೆ. ಮದುವೆ ಮನೆಗೆ, ಫೋಟೋಗೆ ಚೆಂದವೂ ಹೌದು. ಆದರೆ ಬಟ್ಟೆ ನುಣುಪು, ನೆರಿಗೆ ಜಾರುತ್ತದೆ. ಪಿನ್ ಹಾಕದೆ ನಿಲ್ಲುವುದಿಲ್ಲ, ಪಿನ್ ಹಾಕಿದಲ್ಲಿ ಎಳೆ ಬಿಟ್ಟು ತೂತು ದೊಡ್ಡದಾಗುತ್ತದೆ. ಪಕ್ಕದಲ್ಲಿ ಸೀಳು ಇದ್ದರೂ ನಮ್ಮ ಸರ್ವೀಸ್ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಎತ್ತುವಷ್ಟು ಸಡಿಲ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ ಒಳತೊಡೆ ಎರಡೂ ಒಂದೇ ಕೊಳವೆಯೊಳಗೆ ಉಳಿದು ಉಜ್ಜುತ್ತವೆ. ಅದನ್ನು ಈಗ ಸಮಾರಂಭಕ್ಕೆ ಮಾತ್ರ ತೆಗೆಯುತ್ತೇನೆ.

ದಿನಬಳಕೆಗೆ ನಿಂತದ್ದು ಎದೆಯ ಕೆಳಗಿನಿಂದ ಮಂಡಿಯ ಸ್ವಲ್ಪ ಮೇಲಿನವರೆಗೆ ಬರುವ ಕಂಪ್ರೆಶನ್ ಶಾರ್ಟ್ಸ್. ನೈಲಾನ್ ಮುಕ್ಕಾಲು ಪಾಲು, ಉಳಿದದ್ದು ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ಎಳೆ. ಬೆಲೆ ಸಾವಿರದ ಇನ್ನೂರರಿಂದ ಸಾವಿರದ ಎಂಟುನೂರರೊಳಗೆ. ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ, ಬೇರೆಬೇರೆ ಕಂಪನಿಯದು ತೊಟ್ಟಿದ್ದೇನೆ, ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನೋಡಬೇಕಾದ್ದು ಬೇರೆ: ಸೊಂಟದ ಪಟ್ಟಿ ಅಗಲವಾಗಿ, ಒಳಗೆ ಸಿಲಿಕಾನ್ ಅಂಟು ಇಲ್ಲದೆ ಇರಬೇಕು (ಆ ಅಂಟು ಬೆವರಿಗೆ ಕೆರೆತ ತರುತ್ತದೆ), ತೊಡೆಸಂದಿನಲ್ಲಿ ಹತ್ತಿಯ ತುಂಡು ಇರಬೇಕು, ಅಲ್ಲಿ ತೆರೆಯುವ ಹಾಗಿದ್ದರೆ ಇನ್ನೂ ಒಳ್ಳೆಯದು. ಇಂಡಿಯನ್ ಟಾಯ್ಲೆಟ್‌ನಲ್ಲಿ ಸೀರೆ ಎತ್ತಿ ಹಿಡಿದು, ಬೆವರಿಗೆ ಅಂಟಿದ ಇದನ್ನು ಇಳಿಸಿ ಮತ್ತೆ ಏರಿಸುವ ಸರ್ಕಸ್ಸಿನ ಹೆದರಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಹೆಂಗಸರಿದ್ದಾರೆ. ಶುಗರ್ ಇರುವವರಿಗೆ ಅದು ಉರಿಮೂತ್ರದ ದಾರಿ. ವಿನ್ಯಾಸ ಮಾಡುವವರು ಒಂದು ದಿನ ನಮ್ಮ ಶಾಲೆಗೆ ಬಂದು ನೋಡಲಿ.

ತೊಡುವ ಕ್ರಮವನ್ನು ಯಾವ ಪ್ಯಾಕೆಟ್ಟೂ ಹೇಳುವುದಿಲ್ಲ. ನಿಂತುಕೊಂಡು ಪ್ಯಾಂಟಿನ ಹಾಗೆ ಎಳೆದುಕೊಂಡರೆ ಹೊಟ್ಟೆಯ ಮಡಿಕೆ ಒಳಗೆ ಮಡಚಿಕೊಂಡೇ ಉಳಿಯುತ್ತದೆ. ಚರ್ಮಕ್ಕೆ ಚರ್ಮ ಅಂಟಿ, ಮೇಲಿಂದ ಬಟ್ಟೆ ಒತ್ತಿ, ಮಧ್ಯಾಹ್ನದೊಳಗೆ ಉರಿ ಶುರು. ತೊಡೆಯವರೆಗೆ ಏರಿಸಿ, ಹಾಸಿಗೆಯಲ್ಲಿ ಅಂಗಾತ ಮಲಗಿ, ಮಡಿಕೆಯನ್ನು ಒಂದು ಕೈಯಲ್ಲಿ ಮೇಲಕ್ಕೆ ಸವರಿ ಹಿಡಿದು ಇನ್ನೊಂದು ಕೈಯಲ್ಲಿ ಪಟ್ಟಿ ಎಳೆದುಕೊಳ್ಳಬೇಕು. ಆಗ ಚರ್ಮ ಮಡಚದೆ ಹರಡಿಕೊಂಡು ಕೂರುತ್ತದೆ. ಇಡೀ ವಿಮರ್ಶೆಯಲ್ಲಿ ಒಂದೇ ಮಾತು ನೆನಪಿಡುವುದಿದ್ದರೆ ಇದನ್ನು ಇಟ್ಟುಕೊಳ್ಳಿ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಮಡಿಕೆಯ ಜಾಗಕ್ಕೆ ಹಳೆಯ ಬೈರಾಸಿನ (ತೆಳು ಟವೆಲಿನ) ಮೆತ್ತಗಿನ ತುಂಡು ಇಟ್ಟುಕೊಂಡು ಊಟದ ಬೆಲ್ಲಿನಲ್ಲಿ ಬದಲಾಯಿಸುತ್ತೇನೆ.

ಉಜ್ಜಾಟ ನಿಂತದ್ದು ನನಗಾದ ಅತಿ ದೊಡ್ಡ ಲಾಭ. ಬೆಳಿಗ್ಗೆ ನಡೆಯುವಾಗ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ ಹೋಗುವ ಅನುಭವ ಇಲ್ಲ. ಜಿಮ್ಮಿನಲ್ಲಿ ಸ್ಕ್ವಾಟ್ ಮಾಡುವಾಗ ಧೈರ್ಯ ಬರುತ್ತದೆ. ತೂಕ ಎತ್ತಿ ಸ್ನಾಯು ಬೆಳೆಸಿದರೆ ತೊಡೆ, ತೋಳಿನ ಚರ್ಮದಡಿ ಸ್ವಲ್ಪ ತುಂಬಿಕೊಂಡು ನೋಟ ಬದಲಾಗುವುದು ನಿಜ, ನನ್ನ ತೊಡೆಯಲ್ಲಿ ಅದು ಕಾಣುತ್ತದೆ. ಹೊಟ್ಟೆಯ ಮಡಿಕೆಗೆ ಆ ದಾರಿ ಇಲ್ಲ. ತೋಳಿಗೆಂದು ಬರುವ ಕಂಪ್ರೆಶನ್ ತೋಳುಗಳನ್ನೂ ತರಿಸಿದ್ದೆ. ರವಿಕೆಯೊಳಗೆ ಸುರುಳಿ ಸುತ್ತಿ ಕಂಕುಳಿಗೆ ಕಚ್ಚುತ್ತವೆ. ಟೈಲರ್‌ಗೆ ಹೇಳಿ ರವಿಕೆ ತೋಳನ್ನು ಮೊಣಕೈವರೆಗೆ ಇಳಿಸಿಕೊಂಡೆ, ಮುಗಿಯಿತು.

ತೊಂದರೆಗಳೂ ಇವೆ. ಉಂಡ ಕೂಡಲೇ ಬಿಗಿ ಇದ್ದರೆ ಹುಳಿತೇಗು, ಎದೆಯುರಿ. ಕೆಲವರು ಒಂದು ಸೈಜ್ ಚಿಕ್ಕದು ಕೊಂಡರೆ ಹೆಚ್ಚು ಎತ್ತಿ ಹಿಡಿಯುತ್ತದೆ ಎಂದು ಹೇಳಿಕೊಡುತ್ತಾರೆ, ಕೇಳಬೇಡಿ. ತೊಡೆಯ ಹೊರಬದಿಗೆ ಸ್ಪರ್ಶ ಕೊಡುವ ನರವೊಂದು ಸೊಂಟದ ಮೂಳೆಯ ಹತ್ತಿರ ಹಾದುಹೋಗುತ್ತದೆ. ಬಿಗಿ ಪಟ್ಟಿ ಅದನ್ನು ಒತ್ತಿದರೆ ತೊಡೆಯ ಪಕ್ಕ ಜೋಮು ಹಿಡಿದು ಉರಿಯುತ್ತದೆ. ನನ್ನ ಸಹೋದ್ಯೋಗಿಗೆ ಹಾಗಾಗಿ, ಶುಗರಿನ ನರದೋಷವೇ ಬಂತೆಂದು ಹೆದರಿದ್ದರು. ಸೈಜ್ ಬದಲಿಸಿದ ಮೇಲೆ ಸರಿಹೋಯಿತು. ಟೇಪ್ ಹಿಡಿದು ಸೊಂಟ, ಹೊಟ್ಟೆ, ತೊಡೆ ಅಳೆಯಿರಿ. ಹೊಟ್ಟೆಯ ಅಳತೆಯನ್ನು ಮಡಿಕೆ ಎತ್ತಿ ಹಿಡಿದೇ ತೆಗೆಯಿರಿ. ಹರ್ನಿಯಾ ಸಂಶಯವಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ರಾತ್ರಿ ತೊಟ್ಟು ಮಲಗುವುದು ಬೇಡ, ಚರ್ಮಕ್ಕೂ ಗಾಳಿ ಬೇಕು.

ದದ್ದು ಎದ್ದರೆ ಉಡುಪಿನ ಮಾತು ಬದಿಗಿಡಿ. ಮಡಿಕೆಯಲ್ಲಿ ಕೆಂಪಗೆ, ಒದ್ದೆಯಾಗಿ, ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದರೆ ಅದು ಹೆಚ್ಚಾಗಿ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕು, ಶುಗರ್ ಏರಿದ್ದವರಿಗೆ ಬೇಗ ಹಿಡಿಯುತ್ತದೆ. ನನಗೆ ಡಾಕ್ಟರು ಶಿಲೀಂಧ್ರ ಕೊಲ್ಲುವ ಕ್ಲೋಟ್ರಿಮಜೋಲ್ ಮುಲಾಮು, ಸ್ನಾನದ ಮೇಲೆ ಫ್ಯಾನಿನಡಿ ಪೂರ್ತಿ ಒಣಗಿಸುವುದು, ಇಷ್ಟನ್ನೇ ಹೇಳಿದರು, ಅಷ್ಟಕ್ಕೇ ಇಳಿಯಿತು. ಮೆಡಿಕಲ್‌ನಲ್ಲಿ 'ತುರಿಕೆಗೆ ಒಂದು ಕ್ರೀಮ್ ಕೊಡಿ' ಎಂದು ಕೇಳಿದರೆ ಕೆಲವು ಕಡೆ ಸ್ಟೀರಾಯ್ಡ್ ಬೆರೆತ ಮುಲಾಮು ಕೈಗಿಡುತ್ತಾರೆ. ಎರಡು ದಿನ ಹಾಯೆನಿಸುತ್ತದೆ, ಬಳಸುತ್ತ ಹೋದರೆ ಚರ್ಮ ತೆಳ್ಳಗಾಗುತ್ತದೆ, ಸೋಂಕು ಇನ್ನಷ್ಟು ಹಟ ಹಿಡಿಯುತ್ತದೆ. ಮಡಿಕೆಯಲ್ಲಂತೂ ಮದ್ದು ಹೆಚ್ಚು ಹೀರಿಕೊಳ್ಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರದಂತೆ ಶೆಡ್ಯೂಲ್ ಎಚ್ ಎಂಬ ಔಷಧಿಗಳ ಪಟ್ಟಿಗೆ ಸೇರಿಸಿದೆ. ಚೀಟಿ ಬರೆಸಿಕೊಂಡೇ ಕೊಳ್ಳಿ. ಆ ಚೀಟಿ ಬಿಸಾಡಬೇಡಿ, ಕಾರಣ ಮುಂದೆ ಹೇಳುತ್ತೇನೆ.

ಬಾಳಿಕೆ ಹೇಳುವುದಾದರೆ, ಎರಡನ್ನು ಒಂದು ದಿನ ಬಿಟ್ಟು ಒಂದು ದಿನ ತೊಟ್ಟರೆ ಏಳೆಂಟು ತಿಂಗಳು ಬಿಗಿ ಉಳಿಯುತ್ತದೆ. ಸ್ಪ್ಯಾಂಡೆಕ್ಸ್‌ಗೆ ಬಿಸಿನೀರು, ಬ್ಲೀಚ್, ಇಸ್ತ್ರಿ ಮೂರೂ ಶತ್ರು. ಬಟ್ಟೆ ಮೆತ್ತಗೆ ಮಾಡುವ ಕಂಡಿಷನರ್ ಕೂಡ ಬೇಡ. ತಣ್ಣೀರಲ್ಲಿ ಕೈಯಲ್ಲೇ ತೊಳೆದು, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಬೇಕು. ಬಯಲುಸೀಮೆಯವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ನಮ್ಮಲ್ಲಿ ಜೂನ್, ಜುಲೈ ಬಂತೆಂದರೆ ಫ್ಯಾನಿನಡಿ ಇಟ್ಟರೂ ಸೊಂಟದ ಪಟ್ಟಿ ಮರುದಿನಕ್ಕೆ ತಣ್ಣಗೇ ಇರುತ್ತದೆ. ಅರೆಒಣಗಿದ್ದನ್ನು ತೊಟ್ಟರೆ ದದ್ದು ಖಾತ್ರಿ. ಮಳೆಗಾಲಕ್ಕೆ ಮೂರನೆಯದು ಬೇಕೇ ಬೇಕು, ಅಂದರೆ ವರ್ಷದ ಖರ್ಚು ಐದು ಸಾವಿರದ ಹತ್ತಿರ ಎಂದು ಇಟ್ಟುಕೊಳ್ಳಿ. ಒಮ್ಮೆ ತೊಟ್ಟ ಒಳಉಡುಪನ್ನು ಆನ್‌ಲೈನ್‌ನಲ್ಲಿ ಹೆಚ್ಚಿನವರು ವಾಪಸ್ ತಗೊಳ್ಳುವುದಿಲ್ಲ, ಮೊದಲ ಸಲ ಒಂದೇ ತರಿಸಿ ಸೈಜ್ ನೋಡಿ.

ಈಗ ಚೀಟಿಯ ವಿಷಯ. ಜೋತ ಚರ್ಮವನ್ನು ನಿಜವಾಗಿ ತೆಗೆಯುವುದು ಕತ್ತರಿ ಒಂದೇ. ನಾನು ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡು ಬಂದೆ. ಸೊಂಟದ ಈ ತುದಿಯಿಂದ ಆ ತುದಿಗೆ ಗಾಯದ ಗೆರೆ ಉಳಿಯುತ್ತದೆ, ತೂಕ ಕೆಲವು ತಿಂಗಳು ಏರಿಳಿತವಿಲ್ಲದೆ ನಿಂತಿರಬೇಕು, ಶುಗರ್ ಹತೋಟಿಯಲ್ಲಿರಬೇಕು ಎಂದರು. ನನಗೆ ಹೇಳಿದ ಅಂದಾಜು ಎರಡೂವರೆ ಲಕ್ಷ. ಆರೋಗ್ಯ ವಿಮೆಯಲ್ಲಿ ಸೌಂದರ್ಯದ ಶಸ್ತ್ರಚಿಕಿತ್ಸೆಗೆ ದುಡ್ಡು ಬರುವುದಿಲ್ಲ, ವಿಮಾ ನಿಯಂತ್ರಣ ಪ್ರಾಧಿಕಾರ ಪಾಲಿಸಿಗಳಿಗೆ ರೂಪಿಸಿದ ಹೊರತುಪಡಿಕೆಗಳ ಪಟ್ಟಿಯಲ್ಲೇ ಅದು ಇದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಮರುಜೋಡಣೆಗೆ, ಮತ್ತು ಆರೋಗ್ಯಕ್ಕೆ ನೇರ ಅಪಾಯವಿದೆಯೆಂದು ಚಿಕಿತ್ಸೆ ಕೊಡುವ ಡಾಕ್ಟರು ಬರೆದುಕೊಟ್ಟಾಗ ಮಾತ್ರ ವಿನಾಯಿತಿ. ಮಡಿಕೆಯಲ್ಲಿ ಮತ್ತೆ ಮತ್ತೆ ಸೋಂಕು, ಹುಣ್ಣು ಆಗುತ್ತಿದ್ದರೆ ಆ ಚೀಟಿಗಳು, ದಿನಾಂಕದ ಫೋಟೋಗಳು ಆಗ ಮಾತಾಡುತ್ತವೆ. ಕೊಡುತ್ತಾರೆಂಬ ಖಾತ್ರಿ ಇಲ್ಲ, ಕೇಳುವುದಕ್ಕೆ ಕೈಯಲ್ಲಿ ಕಾಗದ ಇರುತ್ತದೆ.

2025ರಲ್ಲಿ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ನಮ್ಮ ದೇಶಕ್ಕೂ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಶಾರ್ಟ್ಸಿನ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ತೂಕ ಇನ್ನೂ ಇಳಿಯುತ್ತಿದ್ದರೆ ದುಬಾರಿಯದು ಬೇಡ, ಮೂರು ತಿಂಗಳಲ್ಲಿ ಸೈಜ್ ಬದಲಾಗುತ್ತದೆ ಎಂದು ಅವರಿಗೆ ಹೇಳುತ್ತೇನೆ. ಆಪರೇಶನ್ ನಿಶ್ಚಯ ಮಾಡಿಕೊಂಡವರೂ ಇದನ್ನು ಕೂಡಿಡಬೇಡಿ. ಅದಾದ ಮೇಲೆ ಕೆಲವು ವಾರ ತೊಡಬೇಕಾದ ಉಡುಪೇ ಬೇರೆ, ಮುಂದೆ ಹುಕ್ಕು, ಜಿಪ್ಪು ಇರುವಂಥದ್ದು. ಅಳತೆ ನೋಡಿ ಸರ್ಜನ್ನರೇ ಹೇಳುತ್ತಾರೆ. ನಾನು ಬರುವ ಬೇಸಿಗೆ ರಜೆಗೆ ಮಾಡಿಸುವುದೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಮಳೆಗಾಲಕ್ಕೆ ಮೂರನೆಯದನ್ನು ಆರ್ಡರ್ ಮಾಡಿದ್ದೇನೆ.