ಶರಾವತಿ ಹಿನ್ನೀರಾ, ಗೋಕರ್ಣದ ಕಡಲಾ? ಮಕ್ಕಳು, ಅತ್ತೆ ಜೊತೆ ಉಳಿದು ನೋಡಿದ ನಾಲ್ಕು ಜಾಗ

ಮೊದಲೇ ತೀರ್ಪು ಹೇಳಿಬಿಡುತ್ತೇನೆ, ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಅನುಕೂಲ. ಮಕ್ಕಳು ಎಂಟು ವರ್ಷ ದಾಟಿದ್ದರೆ ಶರಾವತಿ ಹಿನ್ನೀರಿನ ಹೊನ್ನೆಮರಡು. ಅದಕ್ಕಿಂತ ಚಿಕ್ಕವರಿದ್ದು ಜೊತೆಗೆ ವಯಸ್ಸಾದವರೂ ಬರುವುದಾದರೆ ಗೋಕರ್ಣದ ಕುಡ್ಲೆ ಕಡೆ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ರಾತ್ರಿ ಎಲ್ಲರೂ ಚೆನ್ನಾಗಿ ನಿದ್ದೆ ಮಾಡಬೇಕು ಅಂದರೆ ಕಾರವಾರದ ದೇವಬಾಗ್ ಅಥವಾ ಭದ್ರಾ ಹಿನ್ನೀರಿನ ಲಕ್ಕವಳ್ಳಿ.

ನಾವು ಐದು ಜನ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಮತ್ತೆ ನಮ್ಮತ್ತೆ. ಅತ್ತೆಗೆ ಮಂಡಿನೋವು, ಆದರೆ ಎಲ್ಲಿಗೆ ಹೊರಟರೂ ಮೊದಲು ಚೀಲ ಕಟ್ಟುವವರು ಅವರೇ. ಅವರ ಷರತ್ತು ಒಂದೇ. "ಟೆಂಟ್ ಆದ್ರೂ ಸರಿ, ಗುಡಿಸಲು ಆದ್ರೂ ಸರಿ ಕಣಮ್ಮ, ರಾತ್ರಿ ಎದ್ದರೆ ಬಚ್ಚಲು ಹತ್ತಿರ ಇರ್ಬೇಕು." ಫೋಟೋ ನೋಡಿ ಜಾಗ ಬುಕ್ ಮಾಡುವವರು ಈ ಮಾತನ್ನು ಬರೆದಿಟ್ಟುಕೊಳ್ಳಿ. ಸೂರ್ಯಾಸ್ತ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ. ಜಾಗಗಳ ನಡುವೆ ನಿಜವಾದ ವ್ಯತ್ಯಾಸ ಗೊತ್ತಾಗುವುದು ನೀರಿನ ಅಂಚಿನಲ್ಲಿ, ಮತ್ತೆ ರಾತ್ರಿ ಎರಡು ಗಂಟೆಗೆ.

ನೀರಿನ ಅಂಚಿನ ವಿಷಯ ಮೊದಲು. ಹಿನ್ನೀರು ಸುಮ್ಮನಿರುತ್ತದೆ, ಕಡಲು ಅಬ್ಬರಿಸುತ್ತದೆ, ಹಾಗಾಗಿ ಮಕ್ಕಳಿಗೆ ಹಿನ್ನೀರೇ ಕ್ಷೇಮ ಅಂತ ತುಂಬಾ ಜನ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು, ಗದ್ದೆ, ಕಾಡು ಎಲ್ಲ ಮುಳುಗಿದವು. ಈಗ ನಾವು ದಡ ಅಂತ ಕರೆಯುವುದು ಆಗಿನ ಗುಡ್ಡದ ಮೈ. ಎರಡು ಹೆಜ್ಜೆ ಇಟ್ಟರೆ ಮೊಣಕಾಲುದ್ದ ನೀರು, ಮೂರನೆಯದಕ್ಕೆ ಇಳಿಜಾರು ಶುರು. ಅಡಿಯಲ್ಲಿ ಮರದ ಬೊಡ್ಡೆಗಳು ಇನ್ನೂ ಇವೆ, ಕೆಲವು ಕಡೆ ಕಾಲು ಹೂತುಹೋಗುವ ಕೆಸರು. ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ನೀರು ಕನ್ನಡಿಯ ಹಾಗೆ ಮಲಗಿರುತ್ತದೆ. ಕಡಲಲ್ಲಿ ಅಲೆ ನೋಡಿದ ಕೂಡಲೇ ನನ್ನ ಮಗ ಹೆದರಿ ಕೈ ಹಿಡಿದುಕೊಳ್ಳುತ್ತಾನೆ. ಹಿನ್ನೀರಿನಲ್ಲಿ ಆ ಹೆದರಿಕೆ ಇಲ್ಲ, ನೇರ ಇಳಿಯಲು ಹೊರಡುತ್ತಾನೆ. ಅದೇ ನನಗೆ ಜಾಸ್ತಿ ಭಯ.

ಹಾಗಂತ ಹೊನ್ನೆಮರಡು ಬೇಡ ಅಂತಲ್ಲ. ಸಾಗರ ತಾಲೂಕಿನ ಈ ಜಾಗ ನಾನು ನೋಡಿದ್ದರಲ್ಲೇ ಮಕ್ಕಳಿಗೆ ನೀರು ಕಲಿಸಲು ಅತ್ಯುತ್ತಮ. ಇಲ್ಲಿ ನೀರಿನ ಪಕ್ಕ ಕೂರಲು ಹೋಗಬಾರದು, ನೀರಿನ ಮೇಲೆ ಇರಲು ಹೋಗಬೇಕು. ಲೈಫ್ ಜಾಕೆಟ್ ಹಾಕಿಕೊಂಡೇ ನೀರಿಗೆ ಇಳಿಯುವುದು. ಹರಿಗೋಲು, ಕಯಾಕ್ ಎಲ್ಲ ಇವೆ, ಹೇಳಿಕೊಡುವವರೂ ಇದ್ದಾರೆ. ನಡುವೆ ಒಂದು ಪುಟ್ಟ ದ್ವೀಪ, ಅಲ್ಲಿ ಟೆಂಟ್ ಹಾಕಿ ಉಳಿಯಬಹುದು. ನನ್ನ ಮಗಳು ಮೊದಲ ದಿನ ಹರಿಗೋಲಿನಲ್ಲಿ ಸುಮ್ನೆ ಗಿರಗಿರ ತಿರುಗುತ್ತಿದ್ದಳು, ಹುಟ್ಟು ಯಾವ ಕಡೆ ಹಾಕಿದರೆ ಎತ್ತ ಹೋಗುತ್ತದೆ ಅನ್ನುವುದೇ ತಿಳಿಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ತಾನೇ ನಡೆಸಿಕೊಂಡು ದಡಕ್ಕೆ ಬಂದಳು. ಆ ಮುಖ ನೋಡಬೇಕಿತ್ತು ನೀವು! ಒಂದು ಕಿವಿಮಾತು: ಕಯಾಕ್ ಏನಿದ್ದರೂ ಬೆಳಿಗ್ಗೆಯೇ ಮುಗಿಸಿ. ಲಿಂಗನಮಕ್ಕಿ ದೊಡ್ಡ ಜಲಾಶಯ, ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಹಿನ್ನೀರಲ್ಲೂ ಅಲೆ ಏಳುತ್ತದೆ, ಮಕ್ಕಳ ಕೈಗೆ ಹುಟ್ಟು ಭಾರವಾಗುತ್ತದೆ.

ಆದರೆ ಅಲ್ಲಿ ಸೌಕರ್ಯ ಸರಳ. ನೆಲದ ಮೇಲೆ ಮಲಗಬೇಕು, ಮೊಬೈಲ್ ಸಿಗ್ನಲ್ ನಂಬಿಕೊಂಡು ಕೂರುವ ಹಾಗಿಲ್ಲ. ಕುಡಿತ, ಗಲಾಟೆಗೆ ಜಾಗವಿಲ್ಲ, ಅದು ನನಗೆ ದೊಡ್ಡ ನೆಮ್ಮದಿ. ಐದು ವರ್ಷದವನಿಗೆ ಮಾತ್ರ ದೋಣಿ ಹೊರಟ ಮೇಲೆ ದಡದಲ್ಲಿ ಮಾಡಲು ಏನೂ ಇರಲಿಲ್ಲ. ಅತ್ತೆಗೆ ನೆಲದಿಂದ ಏಳುವುದೇ ಕಷ್ಟ. ಹಾಗಾಗಿ ಅದು ದೊಡ್ಡ ಮಕ್ಕಳ ಜಾಗ ಅಂತ ನಾನು ಹೇಳುವುದು.

ಇನ್ನು ಗೋಕರ್ಣ. ಕುಡ್ಲೆ ಕಡಲತೀರ ಎರಡು ಗುಡ್ಡಗಳ ನಡುವೆ ಅರ್ಧಚಂದ್ರದಂತೆ ಬಾಗಿದೆ. ಚಳಿಗಾಲದಲ್ಲಿ ಇಳಿತದ ಹೊತ್ತಿಗೆ ಮರಳು ಅಗಲವಾಗಿ ತೆರೆದುಕೊಳ್ಳುತ್ತದೆ, ಪಾದ ಮುಳುಗುವಷ್ಟು ನೀರಿನಲ್ಲಿ ಚಿಕ್ಕವರು ಗಂಟೆಗಟ್ಟಲೆ ಆಡುತ್ತಾರೆ. ಮೊಣಕಾಲು ದಾಟಬಾರದು, ದೊಡ್ಡವರೊಬ್ಬರು ಯಾವಾಗಲೂ ಮಗುವಿಗಿಂತ ಕಡಲ ಕಡೆಗೇ ನಿಂತಿರಬೇಕು, ಇದು ನಮ್ಮ ಮನೆ ನಿಯಮ. ಅಲೆ ಒಡೆಯದೆ ನುಣ್ಣಗೆ ಕಾಣುವ ಪಟ್ಟಿ ಇದ್ದರೆ ಅಲ್ಲಿಗೆ ಹೋಗಲೇಬೇಡಿ. ನೀರು ಒಳಕ್ಕೆ ಸೆಳೆಯುವುದು ಸಾಮಾನ್ಯವಾಗಿ ಅಲ್ಲೇ, ನೋಡಲು ಮಾತ್ರ ಅದೇ ಶಾಂತವಾಗಿರುತ್ತದೆ. ಓಂ ಬೀಚ್ ಹೆಸರು ದೊಡ್ಡದು, ನೋಡಲೂ ಚಂದ, ಆದರೆ ಬಂಡೆಗಳು ಜಾಸ್ತಿ, ಜಾರುತ್ತವೆ. ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ಗುಡ್ಡ ಹತ್ತಿಳಿದು ನಡೆಯಬೇಕು, ಇಲ್ಲವೇ ದೋಣಿ. ವಯಸ್ಸಾದವರಿದ್ದರೆ ಆ ಎರಡನ್ನೂ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ಕರಾವಳಿಯೇ ಬೇಡ.

ಅತ್ತೆಗೆ ಗೋಕರ್ಣ ಇಷ್ಟವಾಗಲು ಇನ್ನೊಂದು ಕಾರಣವೂ ಇದೆ. ಮಹಾಬಲೇಶ್ವರ ದೇವಸ್ಥಾನ. ನಾವೆಲ್ಲ ಮರಳಲ್ಲಿ ಬಿದ್ದುಕೊಂಡಿದ್ದರೆ ಅವರು ಬೆಳಿಗ್ಗೆಯೇ ಸ್ನಾನ ಮುಗಿಸಿ ಆಟೋ ಹಿಡಿದು ದರ್ಶನಕ್ಕೆ ಹೋಗಿ, ಅಲ್ಲೇ ಪೇಟೆಯಲ್ಲಿ ತಿಂಡಿ ತಿಂದು ಬಂದರು. ಸಸ್ಯಾಹಾರಿಗಳಿಗೆ ಊಟದ ಚಿಂತೆ ಇಲ್ಲ. ಮನೆಯ ಹಿರಿಯರಿಗೆ ಅವರದೇ ಆದ ಒಂದು ಕೆಲಸ, ಅವರದೇ ಆದ ಒಂದು ಬೆಳಗು ಸಿಕ್ಕಿದರೆ ಪ್ರವಾಸದ ಅರ್ಧ ಜಗಳ ಕಡಿಮೆ ಆಗುತ್ತದೆ, ಅಲ್ವಾ?

ಗೋಕರ್ಣದ ತೊಂದರೆ ಸದ್ದು. ತೀರದ ಹಿಂದಿನ ಖಾಸಗಿ ತೋಟಗಳಲ್ಲಿ ಟೆಂಟ್ ಕೊಡುವವರು ಇದ್ದಾರೆ. ಒಂದು ಕಡೆ ನಾವು ಶನಿವಾರ ಉಳಿದಾಗ ರಾತ್ರಿ ಒಂದೂವರೆವರೆಗೆ ಸ್ಪೀಕರ್ ಹಾಡುತ್ತಿತ್ತು, ಕೇಳಿದರೆ "ವೀಕೆಂಡ್ ಅಲ್ವಾ ಮೇಡಂ" ಅಂದರು. ಇಪ್ಪತ್ತೈದು ಜನಕ್ಕೆ ಎರಡೇ ಶೌಚಾಲಯ. ಬುಕ್ ಮಾಡುವಾಗ ಫೋನ್ ಮಾಡಿ ಈ ಎರಡು ಪ್ರಶ್ನೆ ಕೇಳಿ: ಹಾಡು ಎಷ್ಟು ಗಂಟೆಗೆ ನಿಲ್ಲುತ್ತದೆ, ಎಷ್ಟು ಜನಕ್ಕೆ ಎಷ್ಟು ಶೌಚಾಲಯ. ಉತ್ತರ ತಡವರಿಸಿದರೆ ಬೇರೆ ಜಾಗ ನೋಡಿ. ಡಿಸೆಂಬರ್ ಕೊನೆಯ ವಾರ ಮಾತ್ರ ಕುಟುಂಬದವರು ಆ ಕಡೆ ತಲೆ ಹಾಕದಿರುವುದೇ ಒಳ್ಳೆಯದು. ವಾರದ ನಡುವೆ ಹೋದರೆ ಅದೇ ಕುಡ್ಲೆ ಬೇರೆಯೇ ಊರು ಅನ್ನಿಸುತ್ತದೆ.

ದಿನಾಂಕ ಗೊತ್ತು ಮಾಡುವ ರೀತಿಯೂ ಎರಡಕ್ಕೂ ಬೇರೆ. ಹಿನ್ನೀರಿಗೆ ಹೋಗುವ ಮೊದಲು ನಾನು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡುತ್ತೇನೆ. ಲಿಂಗನಮಕ್ಕಿ ಪೂರ್ತಿ ತುಂಬಿದರೆ ಸಮುದ್ರ ಮಟ್ಟದಿಂದ 1819 ಅಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಮಟ್ಟ ಅದರ ಹತ್ತಿರ ಇದ್ದರೆ ನೀರು ಟೆಂಟಿನ ಎದುರಿಗೇ ಇರುತ್ತದೆ. ಏಪ್ರಿಲ್ ಹೊತ್ತಿಗೆ ನೀರು ಎಷ್ಟೋ ದೂರ ಹಿಂದೆ ಸರಿದು ಬಿರುಕು ಬಿಟ್ಟ ಮಣ್ಣು, ಬೊಡ್ಡೆ ದಾಟಿಕೊಂಡು ಹೋಗಬೇಕಾಗುತ್ತದೆ. ಕಡಲಿಗಾದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಜೋರು, ನೀರು ಮೇಲಿನವರೆಗೆ ಬರುತ್ತದೆ. ಅಷ್ಟಮಿ, ನವಮಿ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಚಿಕ್ಕ ಮಕ್ಕಳಿದ್ದರೆ ನಾನು ಆ ದಿನಗಳನ್ನೇ ಆರಿಸುತ್ತೇನೆ. ಹಿನ್ನೀರಿಗೆ ಮಾತ್ರ ಅಮಾವಾಸ್ಯೆಯೇ ಚೆಂದ. ದೂರದವರೆಗೆ ಊರ ದೀಪ ಇಲ್ಲದ ಕಡೆ ನಕ್ಷತ್ರ ಎಷ್ಟು ಕಾಣುತ್ತವೆ ಅನ್ನುವುದನ್ನು ಬೆಂಗಳೂರಿನ ಮಕ್ಕಳಿಗೆ ಒಂದು ಸಲವಾದರೂ ತೋರಿಸಲೇಬೇಕು.

ರಾತ್ರಿ ಎರಡು ಗಂಟೆಗೆ ಬರೋಣ. ಡಿಸೆಂಬರ್‌ನಲ್ಲಿ ಹಿನ್ನೀರಿನ ಪಕ್ಕ ನಿಜವಾಗಿಯೂ ಚಳಿ. ಬೆಳಗಿನ ಜಾವ ಟೆಂಟಿನ ಬಟ್ಟೆಯಿಂದ ಇಬ್ಬನಿ ತೊಟ್ಟಿಕ್ಕುತ್ತದೆ. ಮೇಲುಹೊದಿಕೆ ಬೇಕೇ ಬೇಕು, ನೆಲಕ್ಕೆ ದಪ್ಪ ಚಾಪೆ ಬೇಕು, ಮಕ್ಕಳಿಗೆ ಕಿವಿ ಮುಚ್ಚುವ ಟೋಪಿ ಬೇಕು. ಕಡಲ ಬಳಿ ಅದೇ ತಿಂಗಳು ತೆಳು ಹೊದಿಕೆ ಸಾಕು, ಆದರೆ ಮೈ ಅಂಟಂಟು. ಸಂಜೆಯವರೆಗೆ ಕಡಲಿನಿಂದ ಬೀಸುವ ಗಾಳಿ ರಾತ್ರಿ ನಿಂತುಹೋಗುತ್ತದೆ, ಆಮೇಲೆ ನೆಲದ ಕಡೆಯಿಂದ ನಿಧಾನವಾಗಿ ಬೀಸಲು ಶುರುವಾಗುತ್ತದೆ. ನಡುವಿನ ಆ ಗಾಳಿಯಿಲ್ಲದ ಹೊತ್ತಿನಲ್ಲಿ ಸೆಕೆ, ಸೊಳ್ಳೆ ಎರಡೂ. ಹಾಗಾಗಿ ಬಾಗಿಲ ಬಲೆ ಕಡಲ ಕಡೆಗೂ ಹಿಂಬದಿಗೂ ಎರಡೂ ಇರುವ ಟೆಂಟ್ ತೆಗೆದುಕೊಳ್ಳಿ. ಮರಳಲ್ಲಿ ಸಾದಾ ಗೂಟ ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಅದಕ್ಕೆ ಹಗ್ಗ ಕಟ್ಟಿ ಹೂಳಬೇಕು. ಹಿಂದಿನ ಉಬ್ಬರ ಬಿಟ್ಟುಹೋದ ಕಸದ ಗೆರೆ ಎಲ್ಲಿದೆ ನೋಡಿ, ಅದಕ್ಕಿಂತ ಸಾಕಷ್ಟು ಮೇಲೆ ಟೆಂಟ್ ಇರಲಿ. ತೆಂಗಿನ ಮರದ ಕೆಳಗೆ ಬೇಡವೇ ಬೇಡ.

ಮಲೆನಾಡಿನ ಕಡೆಗೆ ಹೋಗುವವರಿಗೆ ಒಂದು ಗಂಭೀರ ಮಾತು. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರ ಸಾಗರದ ಕಡೆಯೂ ಬರುತ್ತದೆ, ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಪುಟ್ಟ ಹುಳದಿಂದ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ, ಅಂದರೆ ನಮ್ಮ ಕ್ಯಾಂಪಿಂಗ್ ಕಾಲವೂ ಅದೇ. ಹೊರಡುವ ಮೊದಲು ಆ ಸುತ್ತಿನಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಅಂತ ಊರಿನವರನ್ನೇ ಕೇಳಿ. ಇದ್ದರೆ ಆ ಸಲ ಕಡಲಿಗೆ ಹೋಗಿ. ಇಲ್ಲದಿದ್ದರೂ ಮಕ್ಕಳಿಗೆ ತುಂಬು ಪ್ಯಾಂಟ್ ಹಾಕಿಸಿ, ತರಗೆಲೆ ಮೇಲೆ ಕೂರಿಸಬೇಡಿ, ಸಂಜೆ ಮೈಯೆಲ್ಲ ನೋಡಿ. ನವೆಂಬರ್ ನನಗೆ ಇಷ್ಟವಾಗಲು ಇದೂ ಒಂದು ಕಾರಣ: ನೀರು ತುಂಬಿರುತ್ತದೆ, ಇಂಬಳದ ಕಾಟ ಕಡಿಮೆಯಾಗಿರುತ್ತದೆ, ಉಣುಗಿನ ಕಾಲ ಇನ್ನೂ ಜೋರಾಗಿರುವುದಿಲ್ಲ.

ದೇವಬಾಗ್ ಮತ್ತು ಲಕ್ಕವಳ್ಳಿ ಎರಡೂ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟ್‌ಗಳು. ಇವನ್ನು ಪೂರ್ತಿ ಕ್ಯಾಂಪಿಂಗ್ ಅನ್ನಲಾಗದು. ಮಂಚ ಇದೆ, ಬಚ್ಚಲು ಒಳಗೇ ಇದೆ, ಊಟ ಬಾಡಿಗೆಯಲ್ಲೇ ಸೇರಿದೆ. ಅತ್ತೆ ಇಲ್ಲಿ ನೂರಕ್ಕೆ ನೂರು ಅಂಕ ಕೊಟ್ಟರು. ದೇವಬಾಗ್ ಕಾಳಿ ನದಿ ಕಡಲು ಸೇರುವಲ್ಲಿ, ಗಾಳಿಮರಗಳ ತೋಪಿನ ಒಳಗೆ. ನಾವು ಹೋದಾಗ ದೋಣಿಯಲ್ಲಿ ಕರೆದುಕೊಂಡು ಹೋದರು, ಮಗನಿಗೆ ಅಷ್ಟರಲ್ಲೇ ಪ್ರವಾಸ ಸಾರ್ಥಕ. ಕಾರವಾರದಿಂದ ಹೊನ್ನಾವರದವರೆಗಿನ ತೀರದಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕು ನೋಡಿ ದಾರಿ ತಪ್ಪುತ್ತವೆ. ದಯವಿಟ್ಟು ತೀರದಲ್ಲಿ ಬೆಂಕಿ ಹಾಕಬೇಡಿ, ದೊಡ್ಡ ಟಾರ್ಚ್ ಬಿಟ್ಟುಕೊಂಡು ಓಡಾಡಬೇಡಿ. ಕ್ಯಾಂಪ್ ಫೈರ್ ಇಲ್ಲದೆಯೂ ಮಕ್ಕಳು ಖುಷಿಯಾಗಿರುತ್ತಾರೆ.

ಲಕ್ಕವಳ್ಳಿಯ ಲೆಕ್ಕ ಹೊನ್ನೆಮರಡಿಗೆ ಉಲ್ಟಾ. ಇಲ್ಲಿ ನೀರು ಇಳಿದ ಮೇಲೆಯೇ ನೋಡಲು ಜಾಸ್ತಿ. ಭದ್ರಾ ಜಲಾಶಯದ ಪೂರ್ಣ ಮಟ್ಟ ಅಣೆಕಟ್ಟಿನ ಬುಡದಿಂದ 186 ಅಡಿ. ಬೇಸಿಗೆ ಹತ್ತಿರವಾದಂತೆ ನೀರು ತಗ್ಗಿ ನಡುವೆ ದಿಬ್ಬಗಳು ಏಳುತ್ತವೆ, ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಗುಂಪು ಗುಂಪಾಗಿ ಮೊಟ್ಟೆ ಇಡುತ್ತವೆ. ದೋಣಿಯಿಂದ ದೂರದಲ್ಲೇ ನಿಂತು ನೋಡಬಹುದು. ಪಕ್ಕದಲ್ಲೇ ಭದ್ರಾ ಹುಲಿ ರಕ್ಷಿತಾರಣ್ಯ, ಜೀಪ್ ಸಫಾರಿಯೂ ಇದೆ. ಆದರೆ ಮಕ್ಕಳು ತಾವಾಗಿ ನೀರಿಗಿಳಿದು ಆಡುವುದಕ್ಕೆ ಇಲ್ಲಿ ಅವಕಾಶ ಕಡಿಮೆ, ಎಲ್ಲ ಹೊತ್ತಿಗೆ ಸರಿಯಾಗಿ ಗೊತ್ತುಮಾಡಿದ ಕಾರ್ಯಕ್ರಮ. ನಾಲ್ಕರಲ್ಲಿ ದುಬಾರಿಯೂ ಇವೆರಡೇ. ಬೆಂಗಳೂರಿನಿಂದ ಹತ್ತಿರ ಮಾತ್ರ ಲಕ್ಕವಳ್ಳಿ, ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿದ್ದರೆ ಅದೂ ಮುಖ್ಯ. ಉಳಿದ ಕಡೆಗೆ ರೈಲೇ ವಾಸಿ. ಹೊನ್ನೆಮರಡಿಗೆ ತಾಳಗುಪ್ಪದ ರಾತ್ರಿ ರೈಲು, ಗೋಕರ್ಣ, ಕಾರವಾರಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್.

ಎರಡೂ ಬೇಕು ಅನ್ನುವವರಿಗೆ ದಾರಿ ಇದೆ. ಹೊನ್ನೆಮರಡಿನಲ್ಲಿ ನಿಂತ ಶರಾವತಿಯೇ ಜೋಗದಲ್ಲಿ ಧುಮುಕಿ, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಕಡಲು ಸೇರುವುದು. ಘಾಟಿ ರಸ್ತೆಯಲ್ಲಿ ಒಂದೇ ದಿನದಲ್ಲಿ ಆರಾಮಾಗಿ ಇಳಿಯಬಹುದು ಅಥವಾ ಹತ್ತಬಹುದು. ನನ್ನ ಸಲಹೆ ಹತ್ತುವುದು. ರೈಲಿನಲ್ಲಿ ಮೊದಲು ಕಡಲ ಕಡೆ ಹೋಗಿ ಕುಡ್ಲೆಯಲ್ಲಿ ಉಳಿಯಿರಿ, ದಾರಿಯಲ್ಲಿ ಹೊನ್ನಾವರದ ಕಾಸರಕೋಡು ತೀರದಲ್ಲಿ ಮಕ್ಕಳನ್ನು ಒಂದೆರಡು ಗಂಟೆ ಆಡಲು ಬಿಡಿ. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮಾನ್ಯತೆ 2020ರಲ್ಲಿ ಸಿಕ್ಕಿದ ತೀರ ಅದು. ಆಮೇಲೆ ಘಾಟಿ ಹತ್ತಿ ಹೊನ್ನೆಮರಡು, ಅಲ್ಲಿಂದ ತಾಳಗುಪ್ಪಕ್ಕೆ ಬಂದು ರಾತ್ರಿ ರೈಲು. ಹತ್ತಿ ಅಂದಿದ್ದಕ್ಕೆ ಕಾರಣ ಇದು: ಕಡಲ ಉಪ್ಪು ಕೂತರೆ ಟೆಂಟಿನ ಜಿಪ್ ಹಾಳಾಗುತ್ತದೆ. ಘಾಟಿ ಹತ್ತಿದ ದಿನವೇ ಬಕೆಟ್‌ನಲ್ಲಿ ಸಿಹಿನೀರು ತಂದು ತೊಳೆದು ಬಿಸಿಲಿಗೆ ಹಾಕಿದರೆ ಸಂಜೆಗೆ ಮತ್ತೆ ಹಾಕಲು ಸಿದ್ಧ.