ಹಿರಿಯಡ್ಕದ ತೋಟದ ಮನೆಗೆ ಫೈಬರ್: ಒಂದು ವರ್ಷ ಬಳಸಿದ ಮೇಲೆ

ನಮ್ಮ ಮನೆ ಹಿರಿಯಡ್ಕ ಪೇಟೆಯಿಂದ ಒಳಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಹೋದ ಏಪ್ರಿಲ್‌ನಲ್ಲಿ ಊರಿನ ಕೇಬಲ್ ಟಿವಿಯವರಿಂದಲೇ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡೆವು. ಹಾಕಿಸಿದ ವಾರವೇ ರಿವ್ಯೂ ಬರೆಯಬಹುದಿತ್ತು, ಬರೆಯಲಿಲ್ಲ. ನಮ್ಮ ಕಡೆ ಒಂದು ಕನೆಕ್ಷನ್ ಹೇಗಿದೆ ಅಂತ ಗೊತ್ತಾಗುವುದು ಮೇ ತಿಂಗಳ ಸಿಡಿಲು, ಜುಲೈಯ ಗಾಳಿಮಳೆ, ಆಮೇಲೆ ಅಕ್ಟೋಬರ್‌ನ ಸಂಜೆಯ ಗುಡುಗು ಎಲ್ಲ ಕಳೆದ ಮೇಲೆ.

ಇದಕ್ಕೆ ಮೊದಲು ಬೇರೊಬ್ಬರ ವಯರ್‌ಲೆಸ್ ಕನೆಕ್ಷನ್ ಇತ್ತು. ಟೆರೇಸಿನಲ್ಲಿ ಪೈಪ್ ನಿಲ್ಲಿಸಿ ಸಣ್ಣ ಡಿಶ್, ಅಲ್ಲಿಂದ ಕೆಳಗಿನ ರೌಟರ್‌ಗೆ ತಾಮ್ರದ ಲ್ಯಾನ್ ಕೇಬಲ್. ಎರಡು ಸಲ ಸಿಡಿಲಿಗೆ ಹೋಯಿತು. ಎರಡನೇ ಸಲ ರೌಟರ್ ಜೊತೆ ತಂಗಿಯ ಕಂಪ್ಯೂಟರೂ ಹೋಯಿತು, ಲ್ಯಾನ್ ಪಿನ್ ಹಾಕುವ ಜಾಗ ಕಪ್ಪಾಗಿ ಕರಗಿತ್ತು. ಪರೀಕ್ಷೆಗೆ ನಾಲ್ಕು ದಿನ ಇತ್ತು ಅವಳಿಗೆ. ಎತ್ತರದಲ್ಲಿ ಕಬ್ಬಿಣದ ಪೈಪ್, ಅದರಿಂದ ಮನೆಯೊಳಗೆ ತಾಮ್ರ, ಅರ್ತಿಂಗ್ ಇಲ್ಲ. ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗಿತ್ತು.

ಫೈಬರ್ ಜೋಡಿಸಲು ಬಂದ ಹುಡುಗ ಮೊದಲು ಕೆಲವು ವರ್ಷ ಟವರ್ ಹತ್ತುವ ಕೆಲಸ ಮಾಡಿದವನು. ನಮ್ಮ ಅಂಗಳದಿಂದ ಗುಡ್ಡೆ ಮೇಲಿನ ಟವರ್ ಕಾಣುತ್ತದೆ. ಟವರ್ ಇಷ್ಟು ಹತ್ತಿರ ಇದ್ದರೂ ಸಂಜೆಯಾದರೆ ಮೊಬೈಲ್ ನೆಟ್ ಯಾಕೆ ಎಳೆಯುತ್ತದೆ ಅಂತ ಕೇಳಿದೆ. "ಅಣ್ಣ, ಆ ದುಂಡಗಿನ ಡ್ರಮ್ಮಿನ ಹಾಗೆ ಇರುವುದು ಕಾಣ್ತದಾ? ಅದು ಮೈಕ್ರೋವೇವ್. ಈ ಟವರಿಗೆ ಫೈಬರ್ ಬಂದಿಲ್ಲ, ಆಚೆ ಟವರಿನಿಂದ ಗಾಳಿಯಲ್ಲೇ ತರುದು" ಅಂದ. ಫೋನಿಗೆ ಪೂರ್ತಿ ಕಡ್ಡಿ ಸಿಗ್ನಲ್ ಇದ್ದರೂ ಹಿಂದಿನ ದಾರಿ ಸಣ್ಣದಿದ್ದರೆ ಊರಿಗೆಲ್ಲ ಅದನ್ನೇ ಹಂಚಬೇಕು. ಇಷ್ಟು ದಿನ ನಾನು ಟವರಿನ ದೂರ ಮಾತ್ರ ನೋಡುತ್ತಿದ್ದೆ, ಅದಕ್ಕೆ ಯಾವ ಕೇಬಲ್ ಬಂದಿದೆ ಅಂತ ನೋಡಿರಲೇ ಇಲ್ಲ.

ಅವನು ಹೇಳಿದ್ದರಲ್ಲಿ ಇನ್ನೂ ಸ್ವಲ್ಪ ಇಲ್ಲಿ ಹಾಕುತ್ತೇನೆ, ತಿಳಿದುಕೊಳ್ಳುವುದು ಒಳ್ಳೆಯದು. ಗುಡ್ಡೆ ಮೇಲಿರುವುದು ಲ್ಯಾಟಿಸ್ ಟವರ್, ಆ್ಯಂಗಲ್ ಕಬ್ಬಿಣವನ್ನು ಬೋಲ್ಟ್ ಹಾಕಿ ಕಟ್ಟಿದ್ದು. ಸತುವಿನ ಲೇಪ ಇಲ್ಲದಿದ್ದರೆ ನಮ್ಮ ಉಪ್ಪುಗಾಳಿಗೆ ಬಾಳುವುದಿಲ್ಲ. ಮಂಗಳೂರಿನಂಥ ಪೇಟೆಯಲ್ಲಿ ಜಾಗ ಕಡಿಮೆ, ಅಲ್ಲಿ ಒಂಟಿ ಕಂಬದ ಮೊನೊಪೋಲ್ ಅಥವಾ ಕಟ್ಟಡದ ಟೆರೇಸಿನಲ್ಲಿ ಗಿಡ್ಡ ಕಂಬಗಳು. ಹಿಂದೆ ರೇಡಿಯೋ ಪೆಟ್ಟಿಗೆಗಳೆಲ್ಲ, ಅಂದರೆ ಫೋನಿನ ಸಿಗ್ನಲ್ ಕಳಿಸುವ, ಹಿಡಿಯುವ ಯಂತ್ರಗಳು, ಟವರಿನ ಬುಡದಲ್ಲಿ ಇರುತ್ತಿದ್ದವು. ಅಲ್ಲಿಂದ ಮೇಲಿನ ಆಂಟೆನಾದವರೆಗೆ ಹೆಬ್ಬೆರಳಿನಷ್ಟು ದಪ್ಪದ ಫೀಡರ್ ಕೇಬಲ್, ಅಂದರೆ ಟಿವಿ ಕೇಬಲ್ ಜಾತಿಯ ಕೋಆಕ್ಸ್. 40 ಮೀಟರ್ ಮೇಲೆ ಹೋಗುವಷ್ಟರಲ್ಲಿ ಸಿಗ್ನಲ್‌ನ ಒಂದು ಪಾಲು ಕೇಬಲ್‌ನಲ್ಲೇ ನಷ್ಟ. ಈಗ ರೇಡಿಯೋವನ್ನೇ ಮೇಲೆ ಆಂಟೆನಾ ಹತ್ತಿರ ಕಟ್ಟುತ್ತಾರೆ. ಕೆಳಗಿನಿಂದ ಹೋಗುವುದು ತೆಳ್ಳಗಿನ ಫೈಬರ್, ಜೊತೆಗೆ 48 ವೋಲ್ಟಿನ ಡಿಸಿ ಕರೆಂಟಿನ ಕೇಬಲ್.

ಸರಿ, ನಮ್ಮ ಮನೆಯ ಕೇಬಲ್‌ಗೆ ಬರುತ್ತೇನೆ, ಈ ರಿವ್ಯೂ ಬರೆಯಲು ಮುಖ್ಯ ಕಾರಣ ಅದೇ. ರಸ್ತೆಯ ಕಂಬದಿಂದ ಮನೆಗೆ ಸುಮಾರು 160 ಮೀಟರ್. ಬರುವುದು ಚಪ್ಪಟೆ ಕಪ್ಪು ಕೇಬಲ್. ನಡುವೆ ಕೂದಲಿನಂಥ ಗಾಜಿನ ಎಳೆ, ಎಳೆತ ತಡೆಯಲು ಎರಡು ಬದಿಗೆ ಎರಡು ಕಡ್ಡಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಆ ಕಡ್ಡಿ ಉಕ್ಕಿನದಾಗಿದ್ದರೆ ಅದರಲ್ಲಿ ಹರಿಯುತ್ತದೆ. ಮೊದಲ ದಿನ ತಂದದ್ದು ಉಕ್ಕಿನದೇ. ಹುಡುಗನೇ ತುದಿ ಸುಲಿದು ತೋರಿಸಿ, "ಇದು ಬೇಡ ಅಣ್ಣ, ನಿಮ್ಮಲ್ಲಿ ಸಿಡಿಲು ಜಾಸ್ತಿ, ನಾಳೆ ಎಫ್‌ಆರ್‌ಪಿಯದ್ದು ತರ್ತೇನೆ" ಅಂತ ವಾಪಸ್ ಹೋದ. ಎಫ್‌ಆರ್‌ಪಿ ಅಂದರೆ ಗಾಜಿನ ನಾರು ಸೇರಿಸಿ ಮಾಡಿದ ಪ್ಲಾಸ್ಟಿಕ್ ಕಡ್ಡಿ. ಕೆಲಸ ಒಂದು ದಿನ ತಡವಾಯಿತು, ನಾನು ಒಂದು ಮಾತೂ ಆಡಲಿಲ್ಲ. ಸುಮ್ನೆ ಇದ್ದದ್ದನ್ನೇ ಎಳೆದು ಹೋಗಿದ್ದರೆ ನಮಗೆ ಗೊತ್ತಾಗುತ್ತಲೂ ಇರಲಿಲ್ಲ, ಅಲ್ವಾ?

ಮರುದಿನ ಜಗಲಿಯಲ್ಲೇ ಕೂತು ಜೋಡಿಸಿದ. ಎಳೆಯ ಮೇಲಿನ ಲೇಪ ತೆಗೆದು, ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ ಸ್ಪ್ಲೈಸಿಂಗ್ ಮೆಷಿನ್‌ನಲ್ಲಿ ಇಟ್ಟ. ಪರದೆಯಲ್ಲಿ ಎರಡು ತುದಿಗಳು ಪೈಪಿನಷ್ಟು ದೊಡ್ಡದಾಗಿ ಕಂಡವು, ತಾವಾಗಿಯೇ ಸರಿದು ಎದುರುಬದುರು ನಿಂತವು, ಒಂದು ಕಿಡಿ ಹಾರಿತು, ಒಂದಾದವು. ಕತ್ತರಿಸಿ ಉಳಿದ ಗಾಜಿನ ಚೂರುಗಳನ್ನೆಲ್ಲ ಟೇಪಿಗೆ ಅಂಟಿಸಿ ಡಬ್ಬಿಯೊಳಗೆ ಹಾಕಿಕೊಂಡ, ಬರಿಗಾಲಿಗೆ ಚುಚ್ಚಿದರೆ ಸಿಗುವುದಿಲ್ಲವಂತೆ. ಮೀಟರ್ ಹಿಡಿದಾಗ ಬೆಳಕಿನ ಮಟ್ಟ ಮೈನಸ್ 19 ಡಿಬಿಎಂ ಬಂತು. ಬೆಳಕು ಕುಗ್ಗಿ ಮೈನಸ್ 27ರ ಆಚೆ ಹೋದರೆ ತೊಂದರೆ ಶುರು, ಹಾಗಾಗಿ ನಮ್ಮದು ಚೆನ್ನಾಗಿದೆ.

ತಿಂಗಳಿಗೆ 599, ಜಿಎಸ್‌ಟಿ ಸೇರಿ 707 ರೂಪಾಯಿ. 40 ಎಂಬಿಪಿಎಸ್ ಅಂತ ಹೇಳಿದ್ದು, ಸಂಜೆಯೂ 37, 38 ಇರುತ್ತದೆ. ನಮಗೆ ಸಾಕು. ವರ್ಷದಲ್ಲಿ ಸಿಡಿಲಿಗೆ ಒಂದೂ ಪೆಟ್ಟಿಗೆ ಹೋಗಿಲ್ಲ. ಆದರೆ ಕೇಬಲ್ ಗಾಜಿನದು ಅಂತ ಧೈರ್ಯದಿಂದ ಕೂರಬೇಡಿ, ಕರೆಂಟಿನ ದಾರಿ ಇದ್ದೇ ಇದೆ. ಗುಡುಗು ಕೇಳಿದ ಕೂಡಲೇ ಅಮ್ಮ ಅಡಾಪ್ಟರ್ ಕೀಳುತ್ತಾರೆ. ಕರೆಂಟ್ ಹೋದಾಗಲೂ ನೆಟ್ ಬೇಕಾದರೆ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು.

ಬೇಸರ ಆದದ್ದು ಜುಲೈಯಲ್ಲಿ. ತೆಂಗಿನ ಮಡಲು ಬಿದ್ದು ಕೇಬಲ್ ತುಂಡಾಯಿತು, ಸಿಗ್ನಲ್ ಬರುತ್ತಿಲ್ಲ ಅಂತ ತೋರಿಸುವ ಎಲ್‌ಒಎಸ್ ಅನ್ನುವ ಕೆಂಪು ದೀಪ ಮಿನುಗತೊಡಗಿತು. ರಿಪೇರಿಗೆ ಒಂಬತ್ತು ದಿನ. ಗಾಳಿಗೆ ಊರಿಡೀ ತುಂಡಾಗಿತ್ತು ನಿಜ, ಆದರೆ ಅಂಗಡಿಯಲ್ಲಿ ಫೋನ್ ಎತ್ತಿ "ಇಷ್ಟು ದಿನ ಆಗುತ್ತದೆ" ಅಂತ ಹೇಳಬಹುದಿತ್ತು. ದಿನಾ "ನಾಳೆ" ಅಂದದ್ದು ಸರಿಯಲ್ಲ. ಆ ಒಂಬತ್ತು ದಿನದ ದುಡ್ಡೂ ಕಡಿಮೆ ಮಾಡಲಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್, ಅದರಲ್ಲಿ ದೊಡ್ಡ ಪಾಲು ಆ ಹುಡುಗನ ಕೆಲಸಕ್ಕೆ. ಹಾಕಿಸುವವರು ಕೇಬಲ್ ತುದಿ ಸುಲಿಸಿ ಕಡ್ಡಿ ಯಾವುದು ಅಂತ ನೋಡಿ, ಮತ್ತೆ ತೆಂಗಿನ ಮರದ ಅಡಿಯಿಂದ ಎಳೆಯಲು ಬಿಡಬೇಡಿ. ನಮ್ಮದನ್ನು ಈಗ ಅಡಿಕೆ ಸಾಲಿನ ಬದಿಗೆ ತಿರುಗಿಸಿದ್ದಾರೆ, ಮೂವತ್ತು ಮೀಟರ್ ಕೇಬಲ್ ಜಾಸ್ತಿ ಹೋಯಿತು.